ಒಡೆದ ಕಿಟಕಿಯ ಕ್ರಾಂತಿ

ನೆವಿಲ್ ಕ್ರ್ಯಾಬ್‌ಟ್ರೀ ತನ್ನ ಅರವತ್ತೇಳು ವರ್ಷದ ಬಾಳಿನಲ್ಲಿ ಒಂದೇ ಒಂದು ರಾಜಕೀಯ ಸಿದ್ಧಾಂತವನ್ನು ಪಾಲಿಸಿಕೊಂಡು ಬಂದಿದ್ದ. ಚುನಾವಣೆಯ ದಿನ ಮತಗಟ್ಟೆಗೆ ಹೋಗುವುದು, ದಾರಕ್ಕೆ ಕಟ್ಟಿದ ಗಿಡ್ಡ ಪೆನ್ಸಿಲಿನಿಂದ ಒಂದು ಗುರುತು ಹಾಕುವುದು, ಹೊರಗೆ ಬಂದು ಯಾರಿಗೂ ಏನೂ ಹೇಳದಿರುವುದು. ಹೆಂಡತಿ ಗ್ಲೆನಿಸ್ ಮದುವೆಯಾದ ನಲವತ್ತೊಂದು ವರ್ಷವೂ "ಯಾರಿಗೆ ಹಾಕಿದೆ?" ಎಂದು ಕೇಳಿದ್ದಳು. "ಮಳೆ ಬರೋ ಹಾಗಿದೆ" ಎನ್ನುವುದಷ್ಟೇ ಅವನ ಉತ್ತರ. ಅಂಥವನು ಥ್ರಾಪ್ಲಿ ಪಟ್ಟಣದ ಎಡಪಂಥೀಯರ ಕಣ್ಮಣಿಯಾಗಿದ್ದು, ಪುರಸಭೆಯನ್ನೇ ನಡುಗಿಸಿದ್ದು, ಎರಡಕ್ಕೂ ಗ್ಲೆನಿಸಳ ಇಸ್ತ್ರಿ ಮೇಜೇ ಕಾರಣ.

ನೆವಿಲ್‌ನ ಜೀವ ಇದ್ದದ್ದು ಊರಿನ ಬೌಲ್ಸ್ ಅಂಗಳದಲ್ಲಿ. ದೂರದಲ್ಲಿಟ್ಟ ಪುಟ್ಟ ಗುರಿಚೆಂಡಿನ ಹತ್ತಿರಕ್ಕೆ ದೊಡ್ಡ ಮರದ ಚೆಂಡನ್ನು ಉರುಳಿಸುವ ಆಟ ಅದು. ಮುದುಕರ ಆಟವೆಂದು ಆಡಲು ಬಾರದವರು ನಗುತ್ತಾರೆ. ಯಾರ್ಕ್‌ಶೈರಿನ ನಮ್ಮ ಕಡೆ ಅಂಗಳ ಚಪ್ಪಟೆಯಾಗಿರುವುದಿಲ್ಲ, ನಡುವೆ ಉಬ್ಬಿರುತ್ತದೆ. ಆ ಉಬ್ಬನ್ನು ಪಳಗಿಸಿದವನೇ ಆಟಗಾರ. ನೆವಿಲ್‌ನ ಅಪ್ಪ ನಾರ್ಮನ್ ಅದೇ ಹುಲ್ಲಿನ ಮೇಲೆ ಆಡಿ, ಸಾಯುವಾಗ ಮಗನಿಗೆ ತನ್ನ ಜೋಡಿ ಚೆಂಡುಗಳನ್ನು ಬಿಟ್ಟುಹೋಗಿದ್ದ. ಎರಡರ ಮೇಲೂ "ಎನ್.ಸಿ." ಎಂದು ಕೊರೆದಿತ್ತು. ಅಪ್ಪನ ಮೊದಲಕ್ಷರಗಳೇ ತನ್ನವೂ ಆದ್ದರಿಂದ ಹೊಸದಾಗಿ ಕೊರೆಸುವ ಕೆಲಸ ಉಳಿಯಿತೆಂದು ನೆವಿಲ್ ಎಲ್ಲರಿಗೂ ಹೇಳುತ್ತಿದ್ದ. ಹೇಳುವಾಗ ಗಂಟಲು ಕಟ್ಟುತ್ತಿದ್ದುದನ್ನು ಮಾತ್ರ ಕೆಮ್ಮಿನಲ್ಲಿ ಮುಚ್ಚಿಬಿಡುತ್ತಿದ್ದ.

ಆ ಅಂಗಳದ ಗೇಟಿನಲ್ಲಿ ಮೂರು ವಾರದಿಂದ ಪುರಸಭೆಯ ನೋಟಿಸೊಂದು ನೇತಾಡುತ್ತಿತ್ತು. ಬೊಕ್ಕಸದಲ್ಲಿ ಹಣವಿಲ್ಲದ ಕಾರಣ ಅಂಗಳವನ್ನು ಫ್ಲ್ಯಾಟು ಕಟ್ಟುವವರಿಗೆ ಮಾರಲಾಗುವುದು, ಆಕ್ಷೇಪಣೆಯಿದ್ದವರು ಬುಧವಾರ ಸಂಜೆ ಆರಕ್ಕೆ ಟೌನ್‌ಹಾಲಿಗೆ ಬಂದು ಹೇಳತಕ್ಕದ್ದು ಎಂದು ಅದರಲ್ಲಿ ಬರೆದಿತ್ತು. ನೆವಿಲ್ ಆಟಕ್ಕೆ ಬರುವಾಗ ಓದುವ ಕನ್ನಡಕ ತರುತ್ತಿರಲಿಲ್ಲ. ಕಾಗದ ಹಸಿರು ಬಣ್ಣದ್ದಾದ್ದರಿಂದ ಹುಲ್ಲಿಗೆ ಗೊಬ್ಬರ ಹಾಕುವ ವಿಷಯವಿರಬೇಕೆಂದುಕೊಂಡ. ಆದರೆ ಅದನ್ನು ಹೊಡೆದ ಮೊಳೆ ಬಲವಾಗಿತ್ತು, ಅವನಿಗೆ ತುಂಬ ಹಿಡಿಸಿತು. ದಿನವೂ ತನ್ನ ಟೋಪಿಯನ್ನು ಅದಕ್ಕೇ ನೇತುಹಾಕತೊಡಗಿದ. ಟೋಪಿ ನೋಟಿಸಿನ ಮೇಲೆ ಕೂತಿದ್ದರಿಂದ ಉಳಿದ ಮೂವತ್ತಮೂರು ಆಟಗಾರರೂ ಅದನ್ನು ಓದಲಿಲ್ಲ.

ಹೀಗಿರಲು, ಗ್ಲೆನಿಸ್ ಸ್ಕಾರ್ಬರೋದಲ್ಲಿದ್ದ ಅಕ್ಕನ ಮನೆಗೆ ಒಂದು ವಾರಕ್ಕೆಂದು ಹೋದಳು. ಶುಕ್ರವಾರ ಬರುತ್ತೇನೆಂದಳು. ಹೊರಡುವಾಗ ಬಾಗಿಲಲ್ಲಿ ನಿಂತು, "ಮನೆ ಒಳಗೆ ಆಡ್ಬೇಡ. ಮೀನಿನ ತೊಟ್ಟಿ ನೆನಪಿದೆ ತಾನೆ?" ಎಂದಳು.

"ಹದಿನಾಲ್ಕು ವರ್ಷ ಆಯ್ತು ಕಣೆ ಅದಕ್ಕೆ."

"ಮೀನುಗಳಿಗೆ ಹಾಗನ್ನು ಹೋಗು."

ಭಾನುವಾರ ಮಳೆ ಹಿಡಿಯಿತು. ಮುಂದಿನ ವಾರ ಕಪ್ ಪಂದ್ಯ. ನೆವಿಲ್ ಮಧ್ಯಾಹ್ನ ಎರಡರವರೆಗೆ ತಡೆದುಕೊಂಡ, ಅದನ್ನು ಅವನ ಪರವಾಗಿ ಹೇಳಲೇಬೇಕು. ಆಮೇಲೆ ಮುಂಗೋಣೆಯ ಸೋಫಾ ಸರಿಸಿ ಜಮಖಾನೆಯ ಆ ತುದಿಗೆ ಒಂದು ನಿಂಬೆಹಣ್ಣಿಟ್ಟ. ಆದರೆ ನೆಲ ಚಪ್ಪಟೆ, ಅಭ್ಯಾಸಕ್ಕೆ ಬರುವಂತಿರಲಿಲ್ಲ. ಆಗ ಅವನ ಬುದ್ಧಿ ಚುರುಕಾಯಿತು. ಗ್ಲೆನಿಸಳ ಇಸ್ತ್ರಿ ಮೇಜನ್ನು ಮಡಚಿ ಜಮಖಾನೆಯ ಕೆಳಗೆ ತೂರಿಸಿ, ಒಂದು ಪಕ್ಕಕ್ಕೆ ಪುಸ್ತಕ ಒತ್ತರಿಸಿ, ಥ್ರಾಪ್ಲಿ ಅಂಗಳದ ಉಬ್ಬನ್ನು ಯಥಾವತ್ತಾಗಿ ಸೃಷ್ಟಿಸಿದ. ಎರಡು ಹೆಜ್ಜೆ ಹಿಂದೆ ಬಂದು, ಮಂಡಿ ಬಾಗಿಸಿ, ಅಪ್ಪನ ಚೆಂಡನ್ನು ಬಿಟ್ಟ.

ಚೆಂಡು ಉಬ್ಬನ್ನು ಹತ್ತಿತು. ಇಳಿಯುವುದನ್ನು ಮರೆಯಿತು. ಮುಂಗೋಣೆಯ ಕಿಟಕಿಯ ಕೆಳಗಿನ ಗಾಜನ್ನು ಹಾಯ್ದು ಬೀದಿಗೆ ಬಿದ್ದು, ಮಿಲ್ ಬ್ಯಾಂಕ್ ಬೀದಿಯ ಇಳಿಜಾರಿನಲ್ಲಿ ಅವಸರವಿಲ್ಲದೆ ಉರುಳುತ್ತ, ಪ್ರಾರ್ಥನಾ ಮಂದಿರದ ತಿರುವಿನಲ್ಲಿ ಸೊಗಸಾಗಿ ಬಾಗಿ ಕಣ್ಮರೆಯಾಯಿತು. ಅಷ್ಟು ಚೆಂದದ ಎಸೆತವನ್ನು ನೆವಿಲ್ ಪಂದ್ಯದಲ್ಲಿ ಎಂದೂ ಎಸೆದಿರಲಿಲ್ಲ.

ಮಳೆಯಲ್ಲಿ ನೆನೆಯುತ್ತ ಎರಡು ಗಂಟೆ ಹುಡುಕಿದರೂ ಚೆಂಡು ಸಿಗಲಿಲ್ಲ. ಗಾಜಿನವನು ಫೋನಿನಲ್ಲಿ, "ಗುರುವಾರ ಮಧ್ಯಾಹ್ನದ ತನಕ ಆಗಲ್ಲ" ಎಂದುಬಿಟ್ಟ. ಗುರುವಾರ ಅಂದರೆ ಶುಕ್ರವಾರದ ಹಿಂದಿನ ದಿನ. ಗ್ಲೆನಿಸ್ ಬರುವಷ್ಟರಲ್ಲಿ ಸಾಕ್ಷ್ಯ ನಾಶ ಮಾಡಬಹುದಿತ್ತು. ಅಲ್ಲಿಯವರೆಗೆ ತೂತು ಮುಚ್ಚಲು ಏನಾದರೂ ಬೇಕು. ಬರುವ ದಾರಿಯಲ್ಲಿ, ಭಾನುವಾರವಾದ್ದರಿಂದ ಮುಚ್ಚಿದ್ದ ಗ್ರಂಥಾಲಯದ ಜಗಲಿಯಲ್ಲಿ ಅವನಿಗೆ ಪ್ಲಾಸ್ಟಿಕ್ ಫಲಕಗಳ ಒಂದು ಅಡಕಲು ಕಂಡಿತು. "ಬೇಕಾದವರು ಒಯ್ಯಿರಿ" ಎಂಬ ಚೀಟಿ ಬೇರೆ. ನೆವಿಲ್ ಗೇಣು ಹಾಕಿ ಅಳೆದ. ಗಾಜಿನ ಅಳತೆಯೇ! ಒಂದನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಟೇಪು ಹಚ್ಚಿ, ಟೀ ಕುಡಿದು ಮಲಗಿದ. ಅದರ ಮೇಲೆ ಏನು ಬರೆದಿದೆ ಎಂದು ನೋಡುವ ಗೋಜಿಗೇ ಹೋಗಲಿಲ್ಲ.

ಬರೆದಿದ್ದು ಹೀಗಿತ್ತು, ಕೆಂಪು ನೆಲದ ಮೇಲೆ ಬಿಳಿಯ ದಪ್ಪಕ್ಷರದಲ್ಲಿ: "ನೀರು ಮಾರಿದಿರಿ. ರೈಲು ಮಾರಿದಿರಿ. ಇನ್ನೇನು ಮಾರುತ್ತೀರಿ?"

ನಮ್ಮಲ್ಲಿ ಕಿಟಕಿಗೆ ಪೋಸ್ಟರು ಹಚ್ಚುವುದೆಂದರೆ ಸಣ್ಣ ಮಾತಲ್ಲ. ಗಂಡಹೆಂಡಿರ ಜಗಳ ಬೀದಿಗೆ ಕೇಳಿಸಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಆದರೆ ಕಿಟಕಿಯಲ್ಲಿ ಪೋಸ್ಟರು ಕಂಡರೆ ಆ ಮನುಷ್ಯ ತನ್ನ ಹೃದಯವನ್ನೇ ಹೊರಗೆ ಒಣಗಹಾಕಿದ್ದಾನೆಂದು ಲೆಕ್ಕ. ಮಿಲ್ ಬ್ಯಾಂಕ್ ಬೀದಿಯಲ್ಲಿ ಇಪ್ಪತ್ತೈದು ವರ್ಷದಿಂದ ಒಂದು ಪೋಸ್ಟರೂ ಕಂಡಿರಲಿಲ್ಲ. ಎಲ್ಲ ಪಕ್ಷದವರೂ ಸರದಿಯ ಮೇಲೆ ಬಂದು ನಿರಾಸೆ ಮಾಡಿ ಹೋಗಿದ್ದರು.

ಸೋಮವಾರ ಬೆಳಿಗ್ಗೆ ಪಕ್ಕದ ಮನೆಯ ಬೆರಿಲ್ ಹಾಲಿನ ಬಾಟಲಿ ಎತ್ತಿಕೊಳ್ಳಲು ಬಂದವಳು ಅಲ್ಲೇ ನಿಂತುಬಿಟ್ಟಳು. ಬೆರಿಲ್‌ಗೆ ಎಪ್ಪತ್ತೆಂಟು ವಯಸ್ಸು. ಪೋಸ್ಟ್‌ಮ್ಯಾನಿನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರನ್ನೂ ಅವಳು ಕರೆಯುತ್ತಿದ್ದದ್ದು "ಚಿನ್ನ" ಎಂದೇ.

"ನೆವಿಲ್, ಚಿನ್ನ, ಬಾ ಇಲ್ಲಿ! ಇದೇನೋ ಇದು?"

ನೆವಿಲ್ ಬಾಗಿಲಿಗೆ ಬಂದ. ಬೆರಿಲ್‌ಗೆ ಗೊತ್ತಾದ ಸಂಗತಿ ಸ್ಕಾರ್ಬರೋ ಮುಟ್ಟಲು ಏಳು ನಿಮಿಷ ಸಾಕು. "ಏನೂ ಇಲ್ಲ ಬೆರಿಲ್, ಸುಮ್ನೆ ಹಾಕಿದ್ದೀನಿ."

"ಸುಮ್ನೆ ಅಂತೆ! ಇಷ್ಟು ವರ್ಷ ಬಾಯಿ ಹೊಲ್ಕೊಂಡು ಕೂತಿದ್ದವನು! ನನ್ನ ನೀರಿನ ಬಿಲ್ಲು ನೋಡಿದ್ದೀಯಾ? ಹೊಳೆಗೆ ಹೊಲಸು ಬಿಡೋದಕ್ಕೆ ನಾನ್ಯಾಕೆ ದುಡ್ಡು ಕೊಡ್ಬೇಕು ಹೇಳು? ನಮ್ಮ ಮಗ ಹ್ಯಾರಿ ಆ ಹೊಳೇಲಿ ಈಜು ಕಲಿತಿದ್ದ. ಈಗ ಅಲ್ಲಿ ಬಾತುಕೋಳೀನೂ ಇಳಿಯಲ್ಲ." ಅವಳು ಕೈಯಲ್ಲಿದ್ದ ಬಾಟಲಿ ನೆಲಕ್ಕಿಟ್ಟಳು. "ನಂಗೂ ಹಾಕ್ಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ? ಮೊದಲು ಯಾರಾದ್ರೂ ಹಾಕ್ಲಿ ಅಂತ ಕಾಯ್ತಿದ್ದೆ. ಎಲ್ಲಿ ಸಿಕ್ತು ಇದು?"

ಎಲ್ಲರೂ ಕಾಯುತ್ತಿದ್ದದ್ದು ಅದನ್ನೇ. ಮೊದಲು ಯಾರಾದರೂ ಹಾಕಲಿ. ಸೋಮವಾರ ಸಂಜೆಗೆ ಬೆರಿಲ್‌ಳ ಕಿಟಕಿ ಕೆಂಪಾಯಿತು. ಮಂಗಳವಾರ ಮಧ್ಯಾಹ್ನಕ್ಕೆ ಎದುರು ಸಾಲು ಕೆಂಪಾಯಿತು. ಜಗಲಿಯ ಮೇಲಿನ ಹನ್ನೆರಡೂ ಫಲಕ ಮುಗಿದು, ಸಿಗದವರು ಮಕ್ಕಳ ಬಣ್ಣದಲ್ಲಿ ತಾವೇ ಬರೆದುಕೊಂಡರು. ಮೂಲೆಮನೆಯವನು "ನನ್ನ ಬಸ್ಸು ಎಲ್ಲಿ?" ಎಂದು ಸ್ವತಂತ್ರವಾಗಿ ಒಂದು ಪ್ರಶ್ನೆ ಸೇರಿಸಿದ.

ಈ ಫಲಕಗಳನ್ನು ಅಲ್ಲಿಟ್ಟವರು ಹಿಲರಿ ಟೀಚರ್. ನಿವೃತ್ತ ಭೂಗೋಳದ ಟೀಚರ್ ಆದ ಅವರು ಥ್ರಾಪ್ಲಿ ಸಮಾಜವಾದಿ ಕೂಟದ ಕಾರ್ಯದರ್ಶಿ. ಎರಡು ವರ್ಷದಿಂದ ವಾರಕ್ಕೊಮ್ಮೆ ಹೋಗಿ ಫಲಕ ಎಣಿಸುತ್ತಿದ್ದರು. ಪ್ರತಿ ಸಲವೂ ಹನ್ನೆರಡೇ ಇರುತ್ತಿದ್ದವು. ಮಂಗಳವಾರ ಎಣಿಸಲು ಒಂದೂ ಇರಲಿಲ್ಲ. ಕಳ್ಳತನವೆಂದು ದೂರು ಕೊಡಲು ಹೊರಟವರು ಮಿಲ್ ಬ್ಯಾಂಕ್ ಬೀದಿಯ ತಿರುವಿಗೆ ಬಂದು, ಕೆಂಪು ಕಿಟಕಿಗಳ ಸಾಲು ನೋಡಿ, ಅಲ್ಲೇ ಗೋಡೆಗೊರಗಿ ಕಣ್ಣೊರೆಸಿಕೊಂಡರು. ಇದೆಲ್ಲ ಯಾರಿಂದ ಶುರುವಾಯಿತೆಂದು ಕೇಳಿದಾಗ ಹದಿನಾಲ್ಕು ಬೆರಳು ನೆವಿಲ್‌ನ ಮನೆಯತ್ತ ತೋರಿಸಿದವು.

ಟೀಚರ್ ನೆವಿಲ್‌ನ ಸೋಫಾದಲ್ಲಿ ಕೂತು ಐದು ನಿಮಿಷವಾಗಿರಲಿಲ್ಲ, ಕಾಲಿನ್ ಬಂದ. ಕಾಲಿನ್ ನೇತೃತ್ವದ್ದು ಥ್ರಾಪ್ಲಿ ಸಮಾಜವಾದಿ ಒಕ್ಕೂಟ. ಕೂಟವೂ ಒಕ್ಕೂಟವೂ ಹನ್ನೊಂದು ವರ್ಷದ ಹಿಂದೆ ಒಂದೇ ಆಗಿದ್ದವು. ನೀರಿನ ಕಂಪನಿಯನ್ನು ಸರ್ಕಾರ ವಾಪಸು ತೆಗೆದುಕೊಂಡರೆ ಷೇರುದಾರರಿಗೆ ಪರಿಹಾರ ಕೊಡಬೇಕೋ ಬೇಡವೋ ಎಂಬ ವಿಷಯದಲ್ಲಿ ಒಡೆದವು. ಸರ್ಕಾರ ಇವರನ್ನು ಕೇಳಿರಲಿಲ್ಲ ಎಂಬುದು ಬೇರೆ ಮಾತು. ಅಂದಿನಿಂದ ಕೂಟ ಮಂಗಳವಾರ, ಒಕ್ಕೂಟ ಗುರುವಾರ, ಗ್ರಂಥಾಲಯದ ಅದೇ ಕೋಣೆಯಲ್ಲಿ ಸೇರಿ ಒಂದೇ ಕೆಟಲಿನಲ್ಲಿ ಟೀ ಕಾಯಿಸುತ್ತಿದ್ದವು. ಅವರು ಇದುವರೆಗೆ ಸಾರ್ವಜನಿಕ ಒಡೆತನಕ್ಕೆ ತಂದ ಆಸ್ತಿ ಅದೊಂದೇ.

"ಕಾಮ್ರೇಡ್ ಕ್ರ್ಯಾಬ್‌ಟ್ರೀ!" ಎಂದು ಕಾಲಿನ್ ನೆವಿಲ್‌ನ ಕೈ ಕುಲುಕಿದ. ಟೀಚರ್ ಕಡೆ ನೋಡದೆ, "ಇವರ ಮಾತಿಗೆ ಮರುಳಾಗ್ಬೇಡಿ. ಪರಿಹಾರ ಕೊಡೋದಂತೆ ಪರಿಹಾರ! ಸಾಲ ಮಾಡಿ ಮಾಡಿ ಲಾಭ ಹಂಚ್ಕೊಂಡ್ರು, ಕೊಳವೆ ಎಲ್ಲ ತೂತು ಬೀಳಿಸಿದ್ರು. ಅಂಥವರಿಗೆ ಒಂದು ಪೆನ್ನಿ ಯಾಕೆ ಕೊಡ್ಬೇಕು?" ಎಂದ.

"ಪಿಂಚಣಿ ನಿಧಿಯವರ ದುಡ್ಡೂ ಅದರಲ್ಲಿದೆ ಅಂತ ಇವನಿಗೆ ಹನ್ನೊಂದು ವರ್ಷದಿಂದ ಹೇಳ್ತಿದ್ದೀನಿ," ಎಂದರು ಟೀಚರ್ ಚಾವಣಿಯತ್ತ. "ದೊಡ್ಡ ದೊಡ್ಡ ಆಸ್ತಿಗೆ ತೆರಿಗೆ ಹಾಕಿ, ಆ ಹಣದಲ್ಲಿ ಕೊಂಡುಕೊಳ್ಳೋಣ, ಕೊಳವೆಯನ್ನೂ ರಿಪೇರಿ ಮಾಡೋಣ ಅಂತ. ಕಿವಿಗೆ ಹೋಗಲ್ಲ."

"ತೆರಿಗೆ ಹಾಕೋಕೆ ಇವರ ಅಪ್ಪಣೆ ಕಾಯ್ತಾ ಇದ್ದಾರಾ ಅಲ್ಲಿ?"

"ನಿನ್ನ ಅಪ್ಪಣೆ ಕಾಯ್ತಾ ಇದ್ದಾರಾ?"

ನೆವಿಲ್ ಈ ಮಾತಿನಲ್ಲಿ ಅರ್ಧವನ್ನೂ ಕೇಳಿಸಿಕೊಳ್ಳಲಿಲ್ಲ. ಹೊರಗೆ ಗಾಳಿ ಎದ್ದಿತ್ತು. ಫಲಕದ ಒಂದು ಮೂಲೆಯ ಟೇಪು ಬಿಡುತ್ತಿತ್ತು. ಅವನ ಕಣ್ಣೆಲ್ಲ ಅಲ್ಲೇ. ಕಾಲಿನ್‌ಗೂ ಅದು ಕಂಡಿತು. "ಸ್ವಲ್ಪ ಓರೆಯಾಗಿದೆ, ಸರಿ ಮಾಡ್ತೀನಿ" ಎಂದು ಎದ್ದ.

"ಮುಟ್ಬೇಡ!"

ಟೀ ಮೇಜನ್ನು ಸುತ್ತಿ ಬರುವಷ್ಟು ಪುರುಸೊತ್ತಿರಲಿಲ್ಲ, ನೆವಿಲ್ ಅದರ ಮೇಲಿಂದಲೇ ದಾಟಿದ. ಎರಡೂ ಕೈ ಚಾಚಿ ಫಲಕಕ್ಕೆ ಬೆನ್ನು ಕೊಟ್ಟು ನಿಂತ. ಉಸಿರು ಬುಸುಗುಟ್ಟುತ್ತಿತ್ತು. "ಯಾರೂ ಇದನ್ನ ಮುಟ್ಬಾರ್ದು. ಯಾರೂ ಅಂದ್ರೆ ಯಾರೂ. ನನ್ನ ಪ್ರಾಣ ಹೋಗುತ್ತೆ." ಗ್ಲೆನಿಸ್ ಕೈಲಿ, ಎಂಬುದನ್ನು ಮನಸ್ಸಿನಲ್ಲೇ ಸೇರಿಸಿಕೊಂಡ.

ನಲವತ್ತು ವರ್ಷ ಮೆರವಣಿಗೆಗಳಲ್ಲಿ ನಡೆದ ಕಾಲಿನ್‌ನ ಗಲ್ಲ ನಡುಗಿತು. "ಟೀಚರ್," ಎಂದ. ಹನ್ನೊಂದು ವರ್ಷದ ಮೇಲೆ ಅವರನ್ನು ಮೊದಲ ಬಾರಿಗೆ ನೇರವಾಗಿ ಮಾತನಾಡಿಸಿದ್ದ. "ಒಂದು ಪೋಸ್ಟರಿಗೆ ಹೀಗೆ ಎದೆ ಕೊಟ್ಟವರನ್ನ ನೀವು ನೋಡಿದ್ದೀರಾ?"

"ಇಲ್ಲ ಕಾಲಿನ್," ಎಂದರು ಟೀಚರ್. "ನಾವಿಬ್ಬರೂ ಇವರಿಂದ ಕಲಿಯೋದಿದೆ."

ಕೂಟವೂ ಒಕ್ಕೂಟವೂ ಸೋಫಾದ ಮೇಲೆ ಪಕ್ಕಪಕ್ಕ ಕೂತು ತಣ್ಣಗಾದ ಟೀ ಕುಡಿದವು.

ಬುಧವಾರ ಬೆಳಿಗ್ಗೆ ಗ್ಲೆನಿಸಳ ತಮ್ಮ ಡಡ್ಲಿ ಬಂದ. ಡಡ್ಲಿ ಪುರಸಭೆಯ ಸದಸ್ಯ, ಆಳುವ ಪಕ್ಷದವನು. "ಕಷ್ಟದ ನಿರ್ಧಾರ" ಎಂಬುದು ಅವನ ಬಾಯಿಮಾತು. ಹೋಟೆಲಿನಲ್ಲಿ ಮೀನೋ ಪೈಯೋ ಎಂದು ಕೇಳಿದರೂ ಕಷ್ಟದ ನಿರ್ಧಾರವನ್ನೇ ತೆಗೆದುಕೊಳ್ಳುತ್ತಿದ್ದ. ಬಾಗಿಲು ತೆರೆಯುತ್ತಲೇ ಮುಂಗೋಣೆಗೆ ನುಗ್ಗಿ ಸಿಡಿದ.

"ನೆವಿಲ್, ತೆಗಿ ಅದನ್ನ. ನನ್ನ ಮಾನ ಹೋಗ್ತಿದೆ. ನಿನ್ನ ಭಾವನೇ ಬೀದಿ ಎಲ್ಲ ಎಬ್ಬಿಸಿದ್ದಾನಂತಲ್ಲ ಅಂತ ಎಲ್ಲರೂ ಕೇಳ್ತಿದ್ದಾರೆ."

"ಗುರುವಾರ ತೆಗೀತೀನಿ ಡಡ್ಲಿ. ದೇವರಾಣೆ."

"ಗುರುವಾರ ಯಾಕೆ? ಇವತ್ತು ಸಂಜೆ ಸಭೆ ಮುಗಿದ ಮೇಲೆ ಅಂತ ತಾನೆ? ನಂಗೆ ಗೊತ್ತಿಲ್ವಾ ನೀನು ಯಾಕೆ ಮಾಡ್ತಿದ್ದೀಯ ಅಂತ! ಆ ಅಂಗಳದ ಸಲುವಾಗಿ. ನೋಡು, ದೇಶ ಅಂದ್ರೂ ಒಂದು ಮನೆ ಇದ್ದಂಗೆ, ಊರು ಅಂದ್ರೂ ಒಂದು ಮನೆ ಇದ್ದಂಗೆ. ಮನೇಲಿ ದುಡ್ಡಿಲ್ಲ ಅಂದ್ರೆ ಖರ್ಚು ಬಿಗಿ ಹಿಡೀಬೇಕು. ಬೌಲ್ಸ್ ಅಂಗಳ ಮಾರೋದು ಮಾರೋದೇ."

"ಯಾವ ಅಂಗಳ?" ಎಂದ ನೆವಿಲ್.

"ನಾಟಕ ಆಡ್ಬೇಡ. ಮೂರು ವಾರದಿಂದ ಗೇಟಿನ ಮೇಲೆ ನೋಟಿಸ್ ಇದೆ. ಹಸಿರು ಕಾಗದ."

ನೆವಿಲ್‌ಗೆ ತನ್ನ ಟೋಪಿ ನೆನಪಾಯಿತು. ಮೊಳೆ ನೆನಪಾಯಿತು. ಆಸರೆಗೆಂದು ಫಲಕವನ್ನೇ ಹಿಡಿದುಕೊಂಡ. ಅವನು ಹಟ ಹಿಡಿದನೆಂದುಕೊಂಡ ಡಡ್ಲಿ ಹೊರಗೆ ಓಡಿ, ಬೀದಿಯ ಕಡೆಯಿಂದ ಫಲಕಕ್ಕೆ ಕೈಹಾಕಿ ಎಳೆದ. ಒಳಗಿನಿಂದ ನೆವಿಲ್, ಹೊರಗಿನಿಂದ ಡಡ್ಲಿ. ಟೇಪು ಸೋತಿತು. ಫಲಕ ಡಡ್ಲಿಯ ಕೈಗೆ ಬಂತು, ತೂತಿನಾಚೆ ನೆವಿಲ್‌ನ ಮುಖ ಊರಿಗೆ ಕಂಡಿತು.

ಪೊರಕೆ ಹಿಡಿದು ನಿಂತಿದ್ದ ಬೆರಿಲ್ ಚೀರಿದಳು. "ಅಯ್ಯೋ, ಕಲ್ಲು ಹೊಡೆದಿದ್ದಾರೆ! ಪೋಸ್ಟರ್ ಹಾಕಿದ್ದಕ್ಕೆ ನೆವಿಲ್ ಮನೆಗೆ ಕಲ್ಲು ಹೊಡೆದಿದ್ದಾರೆ!"

ಅವಳು ತೆಗೆದ ಫೋಟೋದಲ್ಲಿ ಒಡೆದ ಕಿಟಕಿ, ಅದರ ಪಕ್ಕ ಕೆಂಪು ಫಲಕ ಹಿಡಿದ ಡಡ್ಲಿ, ಅವನ ಬಾಯಿ ತೆರೆದಿತ್ತು. ಹತ್ತು ನಿಮಿಷದಲ್ಲಿ ಅದು ಊರೆಲ್ಲ ಸುತ್ತಿತು. "ನಾನಲ್ಲ, ನಾನಲ್ಲ" ಎಂದು ಡಡ್ಲಿ ಹೇಳಿದಷ್ಟೂ ಜನರಿಗೆ ಅನುಮಾನ ಹೆಚ್ಚಾಯಿತು. ಟೀಚರ್ ಬಂದರು, ಕಾಲಿನ್ ಬಂದ, ಕಾನ್‌ಸ್ಟೇಬಲ್ ತಾಹಿರ್ ಪುಸ್ತಕ ತೆರೆದುಕೊಂಡು ಬಂದ.

"ಯಾರ ಮೇಲಾದ್ರೂ ಅನುಮಾನ ಇದೆಯಾ ಸರ್?"

ನೆವಿಲ್ ಬಾಯಿ ತೆರೆದ. ನಿಜ ಹೇಳಿದರೆ ಏಳು ನಿಮಿಷದಲ್ಲಿ ಸ್ಕಾರ್ಬರೋ. ಬಾಯಿ ಮುಚ್ಚಿದ.

"ನೋಡಿ, ಎಷ್ಟು ದೊಡ್ಡ ಮನಸ್ಸು. ಹೆಸರು ಹೇಳಲ್ಲ," ಎಂದರು ಟೀಚರ್.

ತಾಹಿರ್ ತಲೆ ಕೆರೆದುಕೊಂಡ. "ಆದ್ರೆ ಟೀಚರ್, ಗಾಜಿನ ಚೂರೆಲ್ಲ ಹೊರಗಡೆ, ಕಿಟಕಿ ಕೆಳಗಿನ ಹೂಕುಂಡಗಳ ಸಂದೀಲಿ ಬಿದ್ದಿದೆ."

"ಅಷ್ಟು ಜೋರಾಗಿ ಹೊಡೆದಿದ್ದಾರೆ. ಒಳಗೆ ಹೋಗಿ ವಾಪಸ್ ಬಂದಿದೆ. ನೀನು ಆರನೇ ಕ್ಲಾಸಲ್ಲೂ ಗಮನ ಕೊಡ್ತಿರ್ಲಿಲ್ಲ ತಾಹಿರ್."

ತಾಹಿರ್ ಹಾಗೆಯೇ ಬರೆದುಕೊಂಡ.

ಸಂಜೆ ಆರಕ್ಕೆ ಟೌನ್‌ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಿಲ್ ಬ್ಯಾಂಕ್ ಬೀದಿಯವರು ಫಲಕಗಳ ಸಮೇತ ಬಂದಿದ್ದರು. ಟೋಪಿಯ ಸಂಗತಿ ಆಗಷ್ಟೇ ತಿಳಿದ ಮೂವತ್ತಮೂರು ಆಟಗಾರರು ನೆವಿಲ್‌ನನ್ನು ದುರುಗುಟ್ಟಿ ನೋಡುತ್ತ ಒಂದು ಸಾಲಿನಲ್ಲಿ, ಅವರ ಹೆಂಡತಿಯರು ಮೇಲಿನ ಗ್ಯಾಲರಿಯಲ್ಲಿ ಹೆಣಿಗೆ ಹಿಡಿದು ಕೂತಿದ್ದರು. ಆಸ್ತಿ ಸಮಿತಿಯ ಏಳು ಸದಸ್ಯರಲ್ಲಿ ಡಡ್ಲಿ ಕೊನೆಯ ಕುರ್ಚಿಯಲ್ಲಿ ಮುದುಡಿ ಕೂತಿದ್ದ. ಅಧ್ಯಕ್ಷೆ ಮಿಸೆಸ್ ಪೆಟ್ಟಿಫರ್ ಮೊಟ್ಟೆ ಬೇಯಿಸುವ ಹೊತ್ತು ಎಣಿಸುವ ಗಂಟೆಯೊಂದನ್ನು ಮುಂದಿಟ್ಟುಕೊಂಡು, "ಸಾರ್ವಜನಿಕರಿಗೆ ತಲಾ ಮೂರು ನಿಮಿಷ" ಎಂದರು.

ಕಾಲಿನ್ ಕೈಗಾರಿಕಾ ಕ್ರಾಂತಿಯಿಂದ ಆರಂಭಿಸಿದ. ಉಗಿಯಂತ್ರಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಟೀಚರ್ ಹನ್ನೊಂದು ನಕಾಶೆ ತಂದಿದ್ದರು. "ಸರ್ಕಾರದ ಖರ್ಚನ್ನ ಮನೆ ಖರ್ಚಿಗೆ ಹೋಲಿಸೋದು ತಪ್ಪು. ಯಾವ ಮನೆ ಯಜಮಾನ ನೋಟು ಅಚ್ಚು ಹಾಕ್ತಾನೆ? ಯಾವ ಮನೆ ಯಜಮಾನ ಪಕ್ಕದ ಬೀದಿ ಶ್ರೀಮಂತನಿಗೆ ತೆರಿಗೆ ಹಾಕ್ತಾನೆ?" ಎಂದು ಎರಡನೇ ನಕಾಶೆ ಬಿಡಿಸುವಾಗ ಗಂಟೆ ಹೊಡೆಯಿತು. ಸಮಿತಿಯವರು ಗಡಿಯಾರ ನೋಡಿಕೊಂಡರು. ಬೊಕ್ಕಸದಲ್ಲಿ ಹಣವಿಲ್ಲ ಎಂಬ ಒಂದು ವಾಕ್ಯದ ಮುಂದೆ ಇಬ್ಬರ ಪಾಂಡಿತ್ಯವೂ ನೀರಾಗಿ ಹೋಗಿತ್ತು.

ಆಗ ಕಾನ್‌ಸ್ಟೇಬಲ್ ತಾಹಿರ್ ಪ್ಲಾಸ್ಟಿಕ್ ಚೀಲವೊಂದನ್ನು ಎತ್ತಿಹಿಡಿದು ಬಂದ. "ಕ್ಷಮಿಸಿ ಮೇಡಂ. ಕ್ರ್ಯಾಬ್‌ಟ್ರೀ ಅವರ ಕಿಟಕಿಗೆ ಹೊಡೆದ ವಸ್ತು ಸಿಕ್ಕಿದೆ. ಪ್ರಾರ್ಥನಾ ಮಂದಿರದ ಹೂವಿನ ಪಾತೀಲಿತ್ತು. ಕಲ್ಲಲ್ಲ, ಮರದ ಚೆಂಡು. ಮೇಲೆ ಎನ್.ಸಿ. ಅಂತ ಇದೆ."

"ಯಾವುದೋ ಗುಪ್ತ ಸಂಘಟನೆ," ಎಂದು ಕಾಲಿನ್ ಪಿಸುಗುಟ್ಟಿದ.

ಮೂವತ್ತಮೂರು ಆಟಗಾರರು ಒಟ್ಟಿಗೆ ಚಾವಣಿಯ ಚಿತ್ತಾರ ನೋಡತೊಡಗಿದರು. ಆ ಚೆಂಡನ್ನು ಗುರುತಿಸದವನು ಅವರಲ್ಲಿ ಒಬ್ಬನೂ ಇರಲಿಲ್ಲ.

"ಅದು ನನ್ನ ಮಾವನವರ ಚೆಂಡು," ಎಂಬ ದನಿ ಬಾಗಿಲಿನಿಂದ ಬಂತು.

ಗ್ಲೆನಿಸ್. ಕೈಯಲ್ಲಿ ಸೂಟ್‌ಕೇಸು, ತಲೆಯ ಮೇಲೆ ಮಳೆಯ ಟೊಪ್ಪಿಗೆ. ಬೆರಿಲ್‌ಳ ಫೋಟೋ ಏಳು ನಿಮಿಷದಲ್ಲಿ ಸ್ಕಾರ್ಬರೋ ಮುಟ್ಟಿತ್ತು. ಮನೆಗೆ ಕಲ್ಲು ಬಿತ್ತೆಂದು ಹೆದರಿ ಸಿ‌ಕ್ಕಿದ ರೈಲು ಹತ್ತಿ ಬಂದಿದ್ದಳು. ಈಗ ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ.

"ಮಿಸ್ಟರ್ ಕ್ರ್ಯಾಬ್‌ಟ್ರೀ," ಎಂದರು ಅಧ್ಯಕ್ಷೆ. "ನಿಮ್ಮ ಮೂರು ನಿಮಿಷ."

ನೆವಿಲ್ ಎದ್ದ. ಚೆಂಡನ್ನು ಯಾರೋ ಕದ್ದು ಹೊಡೆದರು ಎಂದು ಒಂದು ಮಾತು ಹೇಳಿದರೆ ಸಾಕಿತ್ತು, ಹುತಾತ್ಮನ ಅಂಗಳ ಮಾರಲು ಸಮಿತಿಗೆ ಧೈರ್ಯ ಬರುತ್ತಿರಲಿಲ್ಲ. ಟೀಚರ್ ಆಸೆಯಿಂದ ನೋಡುತ್ತಿದ್ದರು. ಡಡ್ಲಿ ಬೆವರುತ್ತಿದ್ದ. ಗ್ಲೆನಿಸ್ ಸೂಟ್‌ಕೇಸನ್ನು ನಿಧಾನವಾಗಿ ಕೆಳಗಿಟ್ಟಳು. ಚೀಲದೊಳಗಿನಿಂದ ಅಪ್ಪನ ಮೊದಲಕ್ಷರಗಳು ನೋಡುತ್ತಿದ್ದವು. ಆ ಅಕ್ಷರಗಳ ಮುಂದೆ ನೆವಿಲ್‌ಗೆ ಸುಳ್ಳು ಹೇಳಲಾಗಲಿಲ್ಲ.

"ಕಿಟಕಿ ಒಡೆದಿದ್ದು ನಾನೇ," ಎಂದ. "ಮಳೆ ಬರ್ತಿತ್ತು. ಇಸ್ತ್ರಿ ಮೇಜಿನ ಮೇಲೆ ಜಮಖಾನ ಹಾಕಿ ಆಡಿದೆ. ಆ ಪೋಸ್ಟರು ತಂದಿದ್ದು ತೂತು ಮುಚ್ಚೋಕೆ. ಅದರ ಮೇಲೆ ಏನಿದೆ ಅಂತ ಓದೋ ಗೋಜಿಗೇ ಹೋಗಿರ್ಲಿಲ್ಲ. ಕ್ಷಮಿಸಿ ಟೀಚರ್. ಗೇಟಿನ ನೋಟಿಸೂ ಓದಿರ್ಲಿಲ್ಲ. ಅದಕ್ಕೆ ಟೋಪಿ ನೇತುಹಾಕ್ತಿದ್ದೆ."

ಟೀಚರ್ ಕಣ್ಣು ಮುಚ್ಚಿಕೊಂಡರು. ಸಭೆಯಲ್ಲಿ ಗುಜುಗುಜು ಎದ್ದಿತು. ಡಡ್ಲಿ ಕುರ್ಚಿಯಲ್ಲಿ ನೆಟ್ಟಗಾದ. "ನೋಡಿ, ನೋಡಿ!" ಎಂದ.

"ಇನ್ನೂ ಎರಡು ನಿಮಿಷ ಇದೆ ನನ್ನದು," ಎಂದ ನೆವಿಲ್. ಅಷ್ಟು ಜನರ ಮುಂದೆ ಅವನೆಂದೂ ಮಾತಾಡಿರಲಿಲ್ಲ. ಒಮ್ಮೆ ಬಾಯಿ ತೆರೆದ ಮೇಲೆ ಮುಚ್ಚುವುದು ಹೇಗೆಂದು ತಿಳಿಯಲಿಲ್ಲ. "ಟೀಚರ್ ಹೇಳಿದ್ದು ನಂಗೆ ಪೂರ್ತಿ ಅರ್ಥ ಆಗ್ಲಿಲ್ಲ. ಡಡ್ಲಿ ಹೇಳಿದ್ದು ಅರ್ಥ ಆಯ್ತು. ಊರು ಅಂದ್ರೆ ಮನೆ ಇದ್ದಂಗೆ ಅಂದ. ಆಯ್ತಪ್ಪ, ನಮ್ಮನೆ ಕಥೆನೇ ಕೇಳು. ಒಂದು ಭಾನುವಾರ, ಒಬ್ಬ ಮುದುಕ, ಒಂದು ಕಿಟಕಿ. ಒಂದೇ ಒಂದು ದಿನ ಅಂಗಳಕ್ಕೆ ಹೋಗೋಕೆ ಆಗ್ಲಿಲ್ಲ, ಅಷ್ಟಕ್ಕೇ ಇಷ್ಟು. ನೀವು ಅಂಗಳ ಮಾರಿದ್ರೆ ನಾವು ಆಡೋದು ಬಿಡ್ತೀವಾ? ಬಿಡಲ್ಲ. ಮೂವತ್ತನಾಲ್ಕು ಜನ ಇದ್ದೀವಿ. ಮನೇಲಿ ಆಡ್ತೀವಿ."

ಗ್ಯಾಲರಿಯಲ್ಲಿ ಹೆಣಿಗೆಯ ಕಡ್ಡಿಗಳ ಸದ್ದು ನಿಂತಿತು.

"ದಿನಾನಾ?" ಎಂದು ಮೇಲಿನಿಂದ ಒಂದು ಹೆಣ್ಣುದನಿ ಕೇಳಿತು.

"ದಿನಾ. ಮತ್ತೆಲ್ಲಿಗೆ ಹೋಗೋದು? ಗ್ರಂಥಾಲಯ ವಾರಕ್ಕೆ ಮೂರು ದಿನ. ಈಜುಕೊಳ ಮುಚ್ಚಿದ್ರು. ಕ್ಲಬ್ಬು ಮಾರಿದ್ರು. ಹೊಳೆ ಕಡೆ ಹೋದ್ರೆ ವಾಸನೆ. ಉಳಿದಿರೋದು ಮನೆ ಒಂದೇ."

"ಇಡೀ ದಿನ ಮನೇಲಾ?" ಇನ್ನೊಬ್ಬಳ ದನಿಯಲ್ಲಿ ನಿಜವಾದ ಭಯವಿತ್ತು.

"ಬೆಳಿಗ್ಗೆಯಿಂದ ಸಂಜೆ ತನಕ. ಇಸ್ತ್ರಿ ಮೇಜು ಎಲ್ಲರ ಮನೇಲೂ ಇದೆಯಲ್ಲ."

ಗ್ಯಾಲರಿ ಎದ್ದು ನಿಂತಿತು. ಥ್ರಾಪ್ಲಿ ಟೌನ್‌ಹಾಲು ಎರಡು ಯುದ್ಧ ಕಂಡ ಕಟ್ಟಡ, ಆದರೆ ಅಂಥ ಆರ್ಭಟ ಕೇಳಿರಲಿಲ್ಲ. "ಮಾರಬೇಡಿ!" ಎಂದಳು ಒಬ್ಬಳು. "ಇನ್ನೊಂದು ಅಂಗಳ ಕಟ್ಟಿ!" ಎಂದಳು ಮತ್ತೊಬ್ಬಳು. "ಅಲ್ಲೇ ಊಟ ಹಾಕಿ ಅವರಿಗೆ!" ಎಂದು ಮೂರನೆಯವಳು ಕಲ್ಯಾಣ ರಾಜ್ಯದ ಮೇರೆಯನ್ನೇ ವಿಸ್ತರಿಸಿದಳು. ಟೀಚರ್ ಕಣ್ಣು ತೆರೆದು, "ಸಾರ್ವಜನಿಕ ಹೂಡಿಕೆ ಅಂದ್ರೆ ಇದೇ! ಇದನ್ನೇ ನಾನು ನಾಲ್ಕನೇ ನಕಾಶೇಲಿ ಹೇಳೋದಿತ್ತು!" ಎಂದು ಕೂಗಿದರು. ಕಾಲಿನ್ ಅವರನ್ನು ತಬ್ಬಿಕೊಂಡ.

ಗಲಾಟೆಯ ನಡುವೆ ಗ್ಯಾಲರಿಯ ಮುಂದಿನ ಸಾಲಿನಿಂದ ಡಡ್ಲಿಯ ಹೆಂಡತಿ ಪೆನೆಲಪಿ ಬಾಗಿದಳು. ಅವಳು ಕೂಗಲಿಲ್ಲ. ಮೆಲ್ಲಗೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಡಡ್ಲಿ. ಮುಂದಿನ ವರ್ಷ ನೀನೂ ರಿಟೈರ್ ಆಗ್ತಿದ್ದೀಯ."

ಡಡ್ಲಿ ತನ್ನ ಜೀವಮಾನದ ಅತ್ಯಂತ ಸುಲಭದ ನಿರ್ಧಾರ ತೆಗೆದುಕೊಂಡ. ಮಾರಾಟ ಬೇಡ ಎಂದು ಎದ್ದ ಮೊದಲ ಕೈ ಅವನದು. ಏಳನೆಯದು ಅಧ್ಯಕ್ಷೆಯದು; ಮಿಸ್ಟರ್ ಪೆಟ್ಟಿಫರ್ ಮೂವತ್ತಮೂರರಲ್ಲಿ ಒಬ್ಬ.

ಜನ ನೆವಿಲ್‌ನನ್ನು ಹೆಗಲ ಮೇಲೆ ಹೊರಲು ಬಂದರು. ಗ್ಲೆನಿಸ್ ಅಡ್ಡ ನಿಂತಳು. ಹೊರಗೆ ಜಿನುಗು ಮಳೆ. ಇಬ್ಬರೂ ಮೆಟ್ಟಿಲ ಮೇಲೆ ನಿಂತರು. ತಾಹಿರ್ ಕೊಟ್ಟಿದ್ದ ಚೀಲದಿಂದ ಅವಳು ಚೆಂಡು ತೆಗೆದು, ತನ್ನ ಕೋಟಿನ ತೋಳಿನಿಂದ ಅಕ್ಷರಗಳ ಮೇಲಿನ ಮಣ್ಣೊರೆಸಿ ಅವನ ಕೈಗಿಟ್ಟಳು.

"ನಿಮ್ಮಪ್ಪ ಇದ್ದಿದ್ರೆ ನಗ್ತಿದ್ರು," ಎಂದಳು. ನೆವಿಲ್ ಕೆಮ್ಮಿದ. ಈ ಸಲ ಕೆಮ್ಮು ಏನನ್ನೂ ಮುಚ್ಚಲಿಲ್ಲ. ಕಣ್ಣು ತುಂಬಿ ಬಂತು. ಅವಳು ಅವನ ತೋಳಿಗೆ ತೋಳು ಸೇರಿಸಿ ಎರಡು ಮೆಟ್ಟಿಲು ಇಳಿದಳು.

"ಇಸ್ತ್ರಿ ಮೇಜು ಎಲ್ಲಿದೆ?"

"ಷೆಡ್ಡಲ್ಲಿ."

"ಅದರ ಕಾಲು?"

"ಅದೂ ಷೆಡ್ಡಲ್ಲೇ ಇದೆ," ಎಂದ ನೆವಿಲ್. "ಬೇರೆ ಮೂಲೇಲಿ."

ಶುಕ್ರವಾರ ಮಧ್ಯಾಹ್ನ ಧೋ ಎಂದು ಮಳೆ ಸುರಿಯುತ್ತಿತ್ತು. ಬೌಲ್ಸ್ ಅಂಗಳದಲ್ಲಿ ಮೂವತ್ತನಾಲ್ಕು ಕೊಡೆಗಳು ಬಿಚ್ಚಿಕೊಂಡಿದ್ದವು. ಯಾರ ಮುಖದಲ್ಲೂ ಗೆದ್ದ ಕಳೆ ಇರಲಿಲ್ಲ. ಮಿಸ್ಟರ್ ಪೆಟ್ಟಿಫರ್ ಬೂಟಿನಿಂದ ನೀರು ಬಗ್ಗಿಸುತ್ತಿದ್ದ. ಜಗಲಿಯಡಿ ಟೀಚರ್ ಮತ್ತು ಕಾಲಿನ್ ಹೊಸ ಜಂಟಿ ಸಮಿತಿಯ ಮೊದಲ ಸಭೆ ನಡೆಸುತ್ತ, ಕೆಟಲನ್ನು ಇಲ್ಲಿಗೆ ತರುವ ವಿಷಯದಲ್ಲಿ ಆಗಲೇ ಮನಸ್ತಾಪಕ್ಕೆ ಬಂದಿದ್ದರು. ನೆವಿಲ್ ಮಾತ್ರ ಕನ್ನಡಕದ ನೀರೊರೆಸಿಕೊಂಡು, ಮಂಡಿ ಬಾಗಿಸಿ, ಅಪ್ಪನ ಚೆಂಡನ್ನು ಬಿಟ್ಟ. ಅದು ಉಬ್ಬನ್ನು ಹತ್ತಿತು, ಇಳಿಯಿತು, ಒದ್ದೆ ಹುಲ್ಲಿನ ಮೇಲೆ ಬಾಗುತ್ತ ಹೋಗಿ ಗುರಿಚೆಂಡಿಗೆ ಕೆನ್ನೆ ತಾಗಿಸಿ ನಿಂತಿತು.

ಅಷ್ಟರಲ್ಲಿ ಗೇಟಿನ ಹತ್ತಿರ ರೈನ್‌ಕೋಟು ತೊಟ್ಟ ಆಕೃತಿಯೊಂದು ಕಂಡಿತು. ಡಡ್ಲಿ. ಕಂಕುಳಲ್ಲಿ ಹೊಚ್ಚಹೊಸ ಚೆಂಡುಗಳ ಪೆಟ್ಟಿಗೆ.

"ಪೆನೆಲಪಿ ಕಳಿಸಿದ್ಲು," ಎಂದ ಸಣ್ಣ ದನಿಯಲ್ಲಿ. "ಒಂದು ವರ್ಷ ಮುಂಚಿನಿಂದಲೇ ಅಭ್ಯಾಸ ಆಗ್ಲಿ ಅಂತ. ನಾಲ್ಕು ಗಂಟೆಗೆ ಒಂದು ಮೀಟಿಂಗಿದೆ, ಅಲ್ಲೀ ತನಕ ಇರ್ತೀನಿ. ಟೋಪಿ ಎಲ್ಲಿಡ್ಲಿ?"

ನೆವಿಲ್ ಮೊಳೆಯಿಂದ ತನ್ನ ಟೋಪಿ ತೆಗೆದು ಜಾಗ ಮಾಡಿಕೊಟ್ಟ. "ಇಲ್ಲಿ ಹಾಕು. ಆದ್ರೆ ಮೊದಲು ಅಲ್ಲೇನು ಬರೆದಿದೆ ಓದು. ನಾನು ಕಲಿತ ಪಾಠ ಅದು."

ಮೊಳೆಗೆ ಹೊಸ ನೋಟಿಸು ಹೊಡೆದಿತ್ತು. ಡಡ್ಲಿ ಮಳೆಯಲ್ಲಿ ಕಣ್ಣು ಕಿರಿದು ಮಾಡಿ ಓದಿದ: "ಈ ಅಂಗಳ ಸಾರ್ವಜನಿಕರ ಆಸ್ತಿ. ಮಳೆಯಿರಲಿ ಬಿಸಿಲಿರಲಿ, ಸಂಜೆ ಐದಕ್ಕೆ ಮೊದಲು ಯಾರೂ ಹೊರಗೆ ಬರತಕ್ಕದ್ದಲ್ಲ." ಕೆಳಗೆ ಮೂವತ್ತೈದು ಹೆಂಗಸರ ಸಹಿ ಇತ್ತು. ಮೊದಲನೆಯದು ಗ್ಲೆನಿಸಳದು, ಕೊನೆಯದು ಪೆನೆಲಪಿಯದು.